ಸಿನಿಮಾಕ್ಕೆ ಅಂಟು ಕೊಡದ ಪುಟ್ಟಸ್ವಾಮಿ

ಪುಸ್ತಕ ಕೈಗೆ ಕೊಟ್ಟರೆ ಪುಟ್ಟಸ್ವಾಮಿ ಮೊದಲು ಅದನ್ನು ಮೂಸುತ್ತಿದ್ದರು. ನಡುವೆ ಬಿಡಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದು ಹೇಳುತ್ತಿದ್ದರು: "ಇದನ್ನ ಒಲೆ ಮುಂದೆ ಕೂತ್ಕಂಡು ಓದವ್ರೆ ಸಾ. ಸಾರು ಉಕ್ಕೈತೆ, ಇವ್ರು ಎದ್ದಿಲ್ಲ. ಒಳ್ಳೆ ಪುಸ್ತಕ." ಹೊಸದರಂತೆಯೇ ಉಳಿದ ಪುಸ್ತಕ ಕಂಡರೆ ಅವರಿಗೆ ತಾತ್ಸಾರ. "ಇದನ್ ಯಾರೂ ಮುಟ್ಟಿಲ್ಲ. ಬೈಂಡ್ ಯಾಕೆ, ಅಂಗೇ ಮಡಗಿ."

ಅವರ ಬೈಂಡಿಂಗ್ ಅಂಗಡಿ ಇದ್ದದ್ದು ಹೊಳೆನರಸೀಪುರದಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲೇ. ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ಐವತ್ತರ ದಶಕದ ಕೊನೆಯಲ್ಲಿ ಊರಿನ ವಾಚನಾಲಯದ ಉಸ್ತುವಾರಿಯೂ ನನಗೆ ಬಂತು. ಹರಿದ ಪುಸ್ತಕಗಳ ಗಂಟು ಹೊತ್ತು ಅವರಲ್ಲಿಗೆ ಹೋಗುತ್ತಿದ್ದೆ. ಅವರದೊಂದು ಕಟ್ಟಳೆ ಇತ್ತು. ಪುಸ್ತಕ ಬಿಚ್ಚಿದ ಮೇಲೆ ಬಿಡಿಬಿಡಿಯಾದ ಫಾರಂಗಳನ್ನು, ಅಂದರೆ ಹದಿನಾರು ಪುಟದ ಮಡಿಕೆಗಳನ್ನು, ತಂದವರೇ ಕೂತು, ಒಂದೊಂದಾಗಿ ಗಟ್ಟಿಯಾಗಿ ಓದಿ ಅವರ ಕೈಗೆ ಕೊಡಬೇಕು. ಓದಿದ ಫಾರಂ ಮಾತ್ರ ದಾರ ಕಾಣುತ್ತಿತ್ತು. "ಒಳಗೆ ಏನೈತೆ ಅಂತ ತಿಳೀದೆ ಎಂಗೆ ಸಾ ಒಲಿಯಾದು?" ಎನ್ನುತ್ತಿದ್ದರು. ಹೀಗಾಗಿ ಒಂದು ಕಾದಂಬರಿಗೆ ಹದಿನೈದು ದಿನ ಹಿಡಿಯುತ್ತಿತ್ತು. ವಾಚನಾಲಯದ ಸಮಿತಿಯವರು ಗೊಣಗಿದರೂ ಪುಸ್ತಕವನ್ನು ಬೇರೆಯವರಿಗೆ ಕೊಡಲಿಲ್ಲ. ಅವರ ಮೈದಾ ಅಂಟಿನಲ್ಲಿ ಮೈಲುತುತ್ತ ಬೆರೆತಿರುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಅಕ್ಕ ಲಕ್ಕಮ್ಮ ಇದ್ದರು. ಅವರಿಗೆ ಮನಸ್ಸು ಸ್ವಸ್ಥವಿರಲಿಲ್ಲ. ಒಬ್ಬರೇ ಮಾತಾಡುತ್ತಿದ್ದರು, ಕೆಲವು ದಿನ ಗಟ್ಟಿಯಾಗಿ ಅಳುತ್ತಿದ್ದರು, ಅಷ್ಟೆ. ಆ ಬಾಗಿಲು ಸದಾ ಮುಚ್ಚಿರುತ್ತಿತ್ತು. ಬೀದಿಯ ಮಕ್ಕಳು ಆ ಮನೆಯ ಮುಂದೆ ಮಾತ್ರ ಓಡಿ ದಾಟುತ್ತಿದ್ದವು.

ನಾನು ಅಲ್ಲಿ ಓದಿದ ಒಂದು ಕಾದಂಬರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಿನಿಮಾದವರು ಆ ಹೆಸರನ್ನು ಕೆಡಿಸಿಟ್ಟಿದ್ದಾರೆ. ಹೊಳೆದಂಡೆಯ ಒಂದು ಹಳೇ ಮನೆ, ಅಟ್ಟದ ಕೋಣೆಗೆ ಬೀಗ, ಮುಸ್ಸಂಜೆಗೆ ಒಳಗೆ ಹೆಜ್ಜೆ ಸಪ್ಪಳ. ಆ ಮನೆಗೆ ಬಂದ ಹೊಸ ಸೊಸೆ ಪುಸ್ತಕದ ಮುಕ್ಕಾಲು ಪಾಲು ಹೆದರಿಯೇ ಬದುಕುತ್ತಾಳೆ. ಓದುವಾಗ ಹಟ್ಟಹಗಲಲ್ಲಿ ನನ್ನ ಮೈ ಜುಂ ಎನ್ನುತ್ತಿತ್ತು. ಕೊನೆಗೆ ಅವಳು ಬೀಗ ತೆಗೆದಾಗ ಒಳಗೆ ದೆವ್ವವಿರುವುದಿಲ್ಲ. ಗಂಡನ ಅಕ್ಕ ಇರುತ್ತಾಳೆ, ಬುದ್ಧಿ ಕದಲಿದವಳು. ಮರ್ಯಾದೆಗೆ ಅಂಜಿ ಮನೆಯವರು ಬಚ್ಚಿಟ್ಟವಳು. ಸೊಸೆ ನೆಲದ ಮೇಲೆ ಕೂತು ಆಕೆಯ ಗಂಟುಬಿದ್ದ ತಲೆ ಬಾಚುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಅದರ ಹೊರತು ಏನೂ ನಡೆಯುವುದಿಲ್ಲ.

ಅದನ್ನು ಓದುವಾಗ ಪುಟ್ಟಸ್ವಾಮಿಯ ದಬ್ಬಳ ನಿಂತಿತು. ಹಿಂದಿನ ಕೋಣೆಯಿಂದ ಲಕ್ಕಮ್ಮನ ದನಿ ಕೇಳಿತು.

"ಎಣ್ಣೆ ಅಚ್ಚುದ್ಲಾ?"

ಪುಟ ನೋಡಿದೆ. ಎಣ್ಣೆಯ ಮಾತು ಅಲ್ಲಿರಲಿಲ್ಲ. "ಹಚ್ಚಿದಳು ಅಕ್ಕ" ಎಂದೆ.

"ಅಂಗಾರೆ ಸರಿ. ಇಲ್ದಿದ್ರೆ ನೋಯ್ತದೆ."

ಪುಟ್ಟಸ್ವಾಮಿ ತಲೆ ಎತ್ತದೆ ಮುಂದಿನ ಫಾರಂಗೆ ಕೈ ಚಾಚಿದರು.

ಬೈಂಡಾದ ಪುಸ್ತಕ ಬೀದಿಯ ಮನೆಮನೆ ಸುತ್ತಿತು. ಎದುರಿನ ಹೋಟೆಲಿನ ಯಜಮಾನರ ಹೆಂಡತಿ ಗೌರಮ್ಮ ಓದಿ ಮುಗಿಸಿದ ಮಾರನೆಯ ದಿನ ಎಣ್ಣೆ ಬಟ್ಟಲು ಹಿಡಿದು ಅಂಗಡಿಗೆ ಬಂದರು. "ಪುಟ್ಸಾಮಣ್ಣ, ಆ ಬಾಗ್ಲು ತಗಿ. ಲಕ್ಕಕ್ಕನ ತಲೆ ನಾನು ಬಾಚ್ತೀನಿ." ಪುಟ್ಟಸ್ವಾಮಿ, "ಕಚ್ಚಾಕಿಲ್ಲ, ಎದುರ್ಕಬ್ಯಾಡಿ" ಎಂದರು. "ನಾನ್ ಕಚ್ಚದಂಗೆ ನೋಡ್ಕ ನೀನು" ಎಂದು ಗೌರಮ್ಮ ಒಳಗೆ ನಡೆದರು. ವರ್ಷ ತುಂಬುವುದರೊಳಗೆ ಲಕ್ಕಮ್ಮ ಜಗಲಿಯಲ್ಲಿ ಕೂತು ಗೌರಮ್ಮನ ಜೊತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮಕ್ಕಳು ಓಡುವುದನ್ನು ಬಿಟ್ಟವು. ಒಂದು ಪುಸ್ತಕದಿಂದ ಇಷ್ಟು ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅರವತ್ತರ ದಶಕ ಶುರುವಾದ ಮೇಲೆ ಆ ಕಾದಂಬರಿ ಸಿನಿಮಾ ಆಗಿ ಹಾಸನಕ್ಕೆ ಬಂತು. ಲಕ್ಕಮ್ಮನನ್ನು ಕರೆದುಕೊಂಡು ಹೋಗೋಣ ಎಂದವನು ನಾನು. ಪುಟ್ಟಸ್ವಾಮಿ ಅಲ್ಲ, ಗೌರಮ್ಮ ಅಲ್ಲ. ನಾನು. ಪುಸ್ತಕದಲ್ಲಿದ್ದದ್ದೇ ಪರದೆಯ ಮೇಲೂ ಇರುತ್ತದೆಂದು ನಾವು ನಾಲ್ವರೂ ನಂಬಿದ್ದೆವು. ಲಕ್ಕಮ್ಮ ಹೊಸ ಸೀರೆ ಉಟ್ಟು, ಕನಕಾಂಬರ ಮುಡಿದು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರ ಪ್ರಶ್ನೆ ಒಂದೇ: "ಆ ಉಡುಗಿ ಬತ್ತಾಳಾ? ಬಾಚೋಳು?"

ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಮ್ಯಾಟಿನಿ ಆಟ. ಬೀಗ ತೆಗೆದಾಗ ಹೊರಬಂದವಳ ಮುಖಕ್ಕೆ ಸುಣ್ಣ ಬಳಿದಿದ್ದರು. ಬಾಯಿಗೆ ಕೋರೆಹಲ್ಲು, ಬೆರಳಿಗೆ ಗೇಣುದ್ದದ ಉಗುರು. ಹಾಸ್ಯಗಾರ ಪೊರಕೆ ಹಿಡಿದು ಅವಳನ್ನು ಮೂರು ಸುತ್ತು ಅಟ್ಟಾಡಿಸಿ ಹೊಡೆದ. ಜನ ಸಿಳ್ಳೆ ಹಾಕಿದರು. ನಾಯಕ ಅವಳ ಜುಟ್ಟು ಹಿಡಿದು ಎಳೆದು ತಂದು ಹೊಳೆಗೆ ತಳ್ಳಿದ. ಮರುಗಳಿಗೆಯೇ ಗಂಡಹೆಂಡಿರು ತೋಟದಲ್ಲಿ ಹಾಡಿದರು. ಬಾಚಣಿಗೆ ಎಲ್ಲೂ ಬರಲಿಲ್ಲ. ಇದು ಅರಿಯದೆ ಆದ ತಪ್ಪಲ್ಲ. ಕಾದಂಬರಿಯ ಹೃದಯ ಎಲ್ಲಿದೆಯೆಂದು ಗುರುತಿಸಿ, ಅಲ್ಲಿಗೇ ಕತ್ತರಿ ಇಟ್ಟಿದ್ದರು. ನಾನು ಓದಿದ ಅತ್ಯಂತ ಕರುಣೆಯ ಅಧ್ಯಾಯವನ್ನು ಪೊರಕೆಯ ಏಟಿಗೆ ಮಾರಿಕೊಂಡಿದ್ದರು. ಆ ಕೆಲಸ ಮಾಡಿದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಲಕ್ಕಮ್ಮ ತಮ್ಮನ ತೋಳು ಹಿಡಿದು ಕೇಳಿದರು: "ಪುಟ್ಟ, ನಾನು ಅಂಗಿದೀನಾ?"

ಪುಟ್ಟಸ್ವಾಮಿ ಎದ್ದು ನಿಂತರು. "ಏಳಕ್ಕ."

ಹಿಂದಿನಿಂದ ಯಾರೋ ಕೂಗಿದರು: "ಲೇ, ಕೂತ್ಕಳ್ಲಾ!"

"ಕೂರಾಕಿಲ್ಲ ಕಣ್ಲಾ! ಒಂದ್ ಎಣ್ ಜೀವಾನ ಬಡಿಯಾದ್ ನೋಡಾಕೆ ಕಾಸ್ ಕೊಟ್ಟು ಬಂದಿದ್ದೀರಾ?"

"ದೆವ್ವದ ಕಡೇ ನೆಂಟ ಬಂದವ್ನೆ ಕಣ್ರೋ!"

ಇಡೀ ಬೆಂಚು ನಕ್ಕಿತು. ಲಕ್ಕಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಹೊಳೆನರಸೀಪುರದಲ್ಲಿ ಬಸ್ಸು ಇಳಿಯುವವರೆಗೂ ಅದನ್ನು ತೆಗೆಯಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ಸಿನಿಮಾ ನಮ್ಮೂರಿನ ಟೂರಿಂಗ್ ಟಾಕೀಸಿಗೆ ಬಂತು. ಟೆಂಟಿನ ಮ್ಯಾನೇಜರು ಪೋಸ್ಟರ್ ಸುರುಳಿ ಕಂಕುಳಲ್ಲಿಟ್ಟು ಪುಟ್ಟಸ್ವಾಮಿಯ ಹತ್ತಿರ ಬಂದಾಗ ನಾನು ಅಲ್ಲೇ ಇದ್ದೆ.

"ಒಂದ್ ಡಬ್ಬ ಅಂಟು ಕೊಡಯ್ಯ. ನಿಂದು ಮಳೇಲೂ ಬಿಡಲ್ಲ."

"ಏನಕ್ಕೆ?"

ಮ್ಯಾನೇಜರು ಸುರುಳಿ ಬಿಚ್ಚಿದ. ಕೋರೆಹಲ್ಲಿನ ಹೆಂಗಸು. "ನಿನ್ ಪುಸ್ತಕದ್ದೇ ಸಿನಿಮಾ ಕಣಯ್ಯ!"

"ಈ ಅಂಟು ಪುಸ್ತಕಕ್ಕೆ. ಅದ್ಕೆ ಸಗಣಿ ಮೆತ್ತಿ, ಸೆನ್ನಾಗಿ ಒಂದ್ಕಂತದೆ."

ಮ್ಯಾನೇಜರು ಬೈದುಕೊಂಡು ಹೋದ. ಪೋಸ್ಟರು ಅಂಟಿಸುವುದೇನೂ ನಿಲ್ಲಲಿಲ್ಲ. ಆಟ ಭರ್ತಿಯಾಗಿ ನಡೆಯಿತು. ಮಕ್ಕಳು ಮತ್ತೆ ಓಡಲಾರಂಭಿಸಿದವು, ಈ ಸಲ ಸುಮ್ಮನೆ ಅಲ್ಲ. "ಅಲ್ಲು ತೋರ್ಸಮ್ಮೋ!" ಎಂದು ಕೂಗಿ, ಕಲ್ಲು ಬೀಸಿ ಓಡುತ್ತಿದ್ದವು. ಅವರಲ್ಲಿ ಇಬ್ಬರು ನನ್ನ ತರಗತಿಯವರು. ನಾನು ಹೊಡೆದೆ. ಉಪಯೋಗವಾಗಲಿಲ್ಲ. ಲಕ್ಕಮ್ಮ ಈಗ ತಾವೇ ಒಳಗಿನಿಂದ ಅಗಳಿ ಹಾಕಿಕೊಂಡರು. ಗೌರಮ್ಮ ದಿನವೂ ಬಂದು "ಲಕ್ಕಕ್ಕ, ನಾನು ಕಣಕ್ಕ" ಎಂದು ಬಾಗಿಲು ತಟ್ಟಿ, ಕಾದು, ಹಿಂದಿರುಗುತ್ತಿದ್ದರು.

ತಿಂಗಳೊಳಗೆ ಪುಟ್ಟಸ್ವಾಮಿ ಅಂಗಡಿ ಮುಚ್ಚಿ, ಅಕ್ಕನನ್ನು ಕರೆದುಕೊಂಡು ಅರಕಲಗೂಡಿನ ಆಚೆ ಮಲ್ಲಿಪಟ್ಟಣದ ಕಡೆ ಬೇಸಾಯ ಮಾಡಿಕೊಂಡಿದ್ದ ಕಿರಿಯ ತಮ್ಮನ ಮನೆಗೆ ಹೋದರು. ನನಗೆ ಹೇಳಿ ಹೋಗಲಿಲ್ಲ.

ಅವರನ್ನು ಮತ್ತೆ ಕಂಡದ್ದು ಒಂದೇ ಸಲ. ಎರಡು ವರ್ಷದ ನಂತರ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ಗದ್ದೆ ಕೆಲಸ ಮಾಡಿ ಕಪ್ಪಾಗಿದ್ದರು.

"ಅಕ್ಕ ಹೇಗಿದ್ದಾರೆ?"

"ಅವ್ಳೆ. ಮನೇರ ಜೊತೆ ಒಲಕ್ಕೆ ಓಯ್ತಾಳೆ. ಒಸಬ್ರು ಬಂದ್ರೆ ಒಳೀಕೆ ಓಗ್ಬುಡ್ತಾಳೆ."

"ಒಂದು ಸಲ ಬಂದು ನೋಡಲಾ?"

"ಬ್ಯಾಡಿ ಸಾ. ನಿಮ್ಮನ್ ಕಂಡ್ರೆ ಅವಳ್ಗೆ ಆವತ್ತಿಂದೇ ಗ್ಯಾಪಕ ಬತ್ತದೆ."

"ಕರೆದುಕೊಂಡು ಹೋದವನು ನಾನೇ, ಪುಟ್ಟಸ್ವಾಮಿಯವರೇ. ನನ್ನ ಮೇಲೆ ನಿಮಗೆ..."

"ಕ್ವಾಪ ಇಲ್ಲ ಅಂತ ಸುಳ್ ಏಳಾಕಿಲ್ಲ ಸಾ. ಐತೆ. ನೀವು ಒಳ್ಳೇರು ಅನ್ನಾದೂ ಗೊತ್ತೈತೆ. ಎಲ್ಡೂ ಐತೆ."

ಅರಕಲಗೂಡಿನ ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಪಕ್ಕ ಕೂತು, ಎದುರಿಗೇ ನೋಡುತ್ತಾ ಹೋದರು. ಗೊರೂರಿಗೆ, ಅರಕಲಗೂಡಿಗೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿಂದ ಮಲ್ಲಿಪಟ್ಟಣದ ಬಸ್ಸು ಹೊರಡುವಾಗ ಕಂಡಕ್ಟರು "ಬರ್ತೀರಾ ಮೇಷ್ಟ್ರೇ?" ಎಂದರೆ, ಇಲ್ಲ ಎಂದು ಹಿಂದಕ್ಕೆ ಸರಿದು ನಿಲ್ಲುತ್ತೇನೆ.