ದೇವರ ಜೊತೆ ಜಗಳಕ್ಕೆ ಜಾಗ ಕೊಟ್ಟವರು

ನಿನ್ನೆ ಕನ್ನಡಿ ಒರೆಸೋಣವೆಂದು ಹಳೇ ನ್ಯೂಸ್‌ಪೇಪರ್ ಒದ್ದೆ ಮಾಡಿದೆ. ಒದ್ದೆ ಕಾಗದದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜೆ.ಪಿ. ನಗರದ ಓನರ್ ಆಂಟಿ ನೆನಪಾದರು. ಅವರ ಮನೆಯ ಮಹಡಿಯಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದೆವು.

ಬೀದಿಯ ತುದಿಯಲ್ಲಿ ಒಂದು ಅರಳಿಕಟ್ಟೆಯಿತ್ತು. ಗಾಜು ಒಡೆದ ದೇವರ ಪಟಗಳನ್ನು ಕಸದ ಗಾಡಿಗೆ ಹಾಕಲು ನಮ್ಮ ಜನಕ್ಕೆ ಕೈ ಬರುವುದಿಲ್ಲ, ಮನೆಯಲ್ಲಿಟ್ಟುಕೊಳ್ಳಲು ಭಯ. ಕಟ್ಟೆಗೆ ಒರಗಿಸಿ ತಿರುಗಿ ನೋಡದೆ ಬಂದುಬಿಡುತ್ತಾರೆ. ಆಂಟಿ ವಾಕಿಂಗ್ ಮುಗಿಸಿ ಬರುವಾಗ ಅವನ್ನೆಲ್ಲ ಬಟ್ಟೆ ಚೀಲಕ್ಕೆ ಹಾಕಿಕೊಂಡು ತರುತ್ತಿದ್ದರು. ಒಡೆದ ಗಾಜು ತೆಗೆದು, ಒದ್ದೆ ಪೇಪರಿನಿಂದ ಕಟ್ಟು ಒರೆಸಿ, ನಡುಮನೆಯ ಗೋಡೆಗೆ ನೇತುಹಾಕುತ್ತಿದ್ದರು. ಜಾಗ ಸಾಲದೆ ಸ್ವಿಚ್‌ಬೋರ್ಡಿನ ಪಕ್ಕದಲ್ಲೂ ಒಬ್ಬ ಗಣಪತಿ ಕೂತಿದ್ದ.

ಎದುರು ಮನೆಯವರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

"ಕಂಡೋರ ಮನೆ ದೋಷಾನೆಲ್ಲ ಒಳಗೆ ತರ್ತೀರಲ್ಲ!"

"ಒಡೆದಿರೋದು ಗಾಜು ಕಣ್ರೀ, ದೇವರಲ್ಲ," ಅಂದರು ಆಂಟಿ.

ಆ ವರ್ಷ ನವರಾತ್ರಿಯ ಅರಿಶಿನ-ಕುಂಕುಮಕ್ಕೆ ಬೀದಿಯ ಹೆಂಗಸರು ಯಾರೂ ಬರಲಿಲ್ಲ. ಆಂಟಿ ಕಡಲೆಕಾಳಿನ ಉಸಲಿಯನ್ನು ಪಾತ್ರೆ ಸಮೇತ ಎತ್ತಿಕೊಂಡು ಹೋಗಿ, ಬೀದಿ ಗುಡಿಸುವವರಿಗೂ ಹೂವಿನವಳಿಗೂ ಕುಂಕುಮ ಕೊಟ್ಟು ಹಂಚಿ ಬಂದರು. ಮುಖದಲ್ಲಿ ಬೇಜಾರಿನ ಸುಳಿವೇ ಇರಲಿಲ್ಲ… ಇದ್ದರೂ ನಮಗೆ ತೋರಿಸಲಿಲ್ಲ.

ಮುಂದಿನ ವರ್ಷ ಅಮ್ಮ ಹೋದಳು. ಅವಳು ಹುಷಾರಾಗಲೆಂದು ಹರಕೆ ಹೊತ್ತು ನಲವತ್ತೆಂಟು ದಿನ ಆಫೀಸಿಗೆ ಮುಂಚೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ್ದೆ. ಹರಕೆ ಮುಗಿದ ಮರುದಿನವೇ ಆಸ್ಪತ್ರೆಯಿಂದ ಫೋನ್ ಬಂತು. ಕರ್ಮಗಳೆಲ್ಲ ಮುಗಿದ ಮೇಲೆ, ಅಮ್ಮ ಪೂಜಿಸುತ್ತಿದ್ದ ಶ್ರೀನಿವಾಸನ ಪಟವನ್ನು ಒಯ್ದು ಕಟ್ಟೆಯ ಮೇಲಿಟ್ಟು ಬಂದೆ. ಅದರ ಗಾಜಿಗೆ ಏನೂ ಆಗಿರಲಿಲ್ಲ.

ಎರಡು ದಿನ ಬಿಟ್ಟು ಕೆಳಗಿಳಿದು ಹೋದರೆ, ಅದೇ ಶ್ರೀನಿವಾಸ ಆಂಟಿಯ ಗೋಡೆಯ ಮೇಲೆ! ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕೆ ತಂದ್ರಿ ಆಂಟಿ? ಇಟ್ಟು ಬಂದಿದ್ದು ನಾನೇ. ನಂಗೆ ಬೇಡ."

"ಗೊತ್ತು. ನಿಂಗೆ ಅಂತ ತರ್ಲಿಲ್ಲ," ಅವರೆಕಾಯಿ ಸುಲಿಯುತ್ತಲೇ ಅಂದರು. "ಸಿಟ್ಟು ಬಂದಾಗ ಬಾ, ಬೈದು ಹೋಗು. ಎದುರಿಗಿದ್ರೆ ಬೈಯೋಕೆ ಸಲೀಸು."

ಬೈದೆ. ತಿಂಗಳುಗಟ್ಟಲೆ ಬೈದೆ. ಆಫೀಸಿನಿಂದ ಬಂದವಳೇ, ಬ್ಯಾಗು ಇನ್ನೂ ಹೆಗಲಲ್ಲಿರುವಾಗಲೇ, ಕಲ್ಲು, ಕಿವುಡ, ಮಾತಿಗೆ ತಪ್ಪಿದವನು ಅಂತ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಆಂಟಿ ದೀಪ ಹಚ್ಚಿ ತಮ್ಮ ಪಾಡಿಗೆ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ನನಗೆ ಸಮಾಧಾನ ಹೇಳಲಿಲ್ಲ, ಎಲ್ಲಾ ಹಣೆಬರಹ ಅನ್ನಲಿಲ್ಲ. ಹೊರಡುವಾಗ ಎಷ್ಟೋ ದಿನ ಬಿಸಿ ಸಾರಿನ ಡಬ್ಬಿಯೊಂದನ್ನು ಕೈಗಿಡುತ್ತಿದ್ದರು, ಅಷ್ಟೇ.

ಒಂದು ಸಂಜೆ ನನ್ನ ಕೂಗಾಟ ಕೇಳಿ ಎದುರು ಮನೆಯವರು ಒಳಗೇ ಬಂದುಬಿಟ್ಟರು.

"ದೀಪ ಹಚ್ಚೋ ಹೊತ್ತಲ್ಲಿ ದೇವರನ್ನ ಹೀಗೆ ಬೈತಾಳೆ. ನೀವಾದ್ರೂ ಬುದ್ಧಿ ಹೇಳ್ಬಾರ್ದಾ?"

ಆಂಟಿ ಸ್ತೋತ್ರ ನಿಲ್ಲಿಸಿದರು. "ನನ್ನ ಭಕ್ತಿನೇ ಇನ್ನೂ ಅಷ್ಟಕ್ಕಷ್ಟೆ. ಅದನ್ನ ಬೆಳೆಸ್ಕೊಳೋಕೇ ಟೈಮ್ ಸಾಲ್ತಿಲ್ಲ, ಅವಳದ್ದನ್ನ ನಾನ್ಯಾಕೆ ತಿದ್ಲಿ? ಹೋಗಿರೋದು ಅವಳಮ್ಮ, ಜಗಳ ಅವಳದ್ದು. ಈ ಮನೇಲಿ ಯಾರೂ ಅವಳ ಬಾಯಿ ಮುಚ್ಚಿಸೋ ಹಾಗಿಲ್ಲ."

ಅಮ್ಮ ಹೋದ ಮೇಲೆ ನಾನು ಅತ್ತದ್ದು ಅವತ್ತೇ ಮೊದಲು.

ಆಮೇಲೆ ನಾನು ಅರೆಕೆರೆಗೆ ಮನೆ ಬದಲಾಯಿಸಿದೆ. ಹೋದ ಕಾರ್ತೀಕದಲ್ಲಿ ಆಂಟಿ ತೀರಿಕೊಂಡರು. ನಡುಮನೆಯಲ್ಲೇ ಮಲಗಿಸಿದ್ದರು. ಸುತ್ತ ಅವರು ಬೀದಿಯಿಂದ ತಂದ ಅಷ್ಟೂ ದೇವರುಗಳು. ನಾನು ಸೀದಾ ಹೋಗಿ ಶ್ರೀನಿವಾಸನ ಎದುರು ನಿಂತೆ.

"ಇವರನ್ನೂ ಕರ್ಕೊಂಡ್ಯಾ? ಬೀದೀಲಿದ್ದೋನ್ನ ಮನೆಗೆ ತಂದು ಇಟ್ಕೊಂಡಿದ್ದಕ್ಕಾ?"

ನೆಂಟರೊಬ್ಬರು "ಶ್… ಸುಮ್ನಿರಮ್ಮ" ಅಂದರು. ಸುಮ್ಮನಿರಲಿಲ್ಲ. ಆ ಮನೆಯಲ್ಲಿ ಬೈಯುವ ಹಕ್ಕು ನನಗಿತ್ತು, ಅದನ್ನು ಕೊಟ್ಟವರು ಅಲ್ಲೇ ಮಲಗಿದ್ದರು.

ಪಟವನ್ನು ಅವರ ಮನೆಯವರಿಂದ ಕೇಳಿ ತಂದೆ. ನಮ್ಮ ಅಪಾರ್ಟ್‌ಮೆಂಟಿನ ಭಜನೆ ಗುಂಪಿನವರು, ಹೂವಿಲ್ಲ, ದೀಪವಿಲ್ಲ, ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುತ್ತಾರೆ. ಕೇಳಲಿ. ಕೈಮುಗಿಯುವ ಮನಸ್ಸು ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ… ನನಗೇನೂ ಅವಸರವಿಲ್ಲ. ಆಂಟಿ ಇಲ್ಲ ಅನ್ನುವುದನ್ನು ಮಾತ್ರ ಒಪ್ಪಿಕೊಳ್ಳಲು ಆಗುತ್ತಿಲ್ಲ. ಮೊದಲು ಆ ಶ್ರೀನಿವಾಸ ಅಮ್ಮನ ಬಗ್ಗೆ ಮಾತ್ರ ನನಗೆ ಉತ್ತರ ಹೇಳಬೇಕಿತ್ತು. ಈಗ ಇಬ್ಬರ ಬಗ್ಗೆ ಹೇಳಬೇಕು.