ಟಸ್ಕನಿಯ ಬಿಳಿ ಬೆಟ್ಟ

“ಸರ್, ಅದು ಬರ್ಫ ಅಲ್ರಿ, ಕಲ್ಲೈತ್ರಿ.”

ಬೈಲಹೊಂಗಲದ ನಮ್ಮ ಶಾಲೆಯಲ್ಲಿ ಇಟಲಿಯ ಟಸ್ಕನಿ ಪ್ರಾಂತ್ಯದ ಚಿತ್ರ ತೋರಿಸಿ, ಬೆಟ್ಟದ ತುಂಬ ಹಿಮ ಬಿದ್ದಿದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ತಡೆದವರು ಹೊರಗೆ ಪಡಸಾಲೆಯ ನೆಲಕ್ಕೆ ಫರಸಿ ಕಲ್ಲು ಹಾಸುತ್ತಿದ್ದ ನೇಸರಗಿಯ ದಸ್ತಗೀರಸಾಬರು. ಮಕ್ಕಳು ಕಿಸಕ್ಕನೆ ನಕ್ಕರು. ನಮ್ಮ ಮನೆತನದಲ್ಲೇ ಮೊದಲ ಪದವೀಧರ ನಾನು, ದನ ಕಾಯುತ್ತ ಓದಿದವನು. ಮೈಯೆಲ್ಲ ಉರಿಯಿತು.

“ನೀವು ನೋಡಿ ಬಂದೀರೇನು?” ಎಂದೆ.

“ಹೂಂನ್ರಿ. ದುಬೈದಾಗ ದುಡಿಯುವಾಗ ಸೇಠ ಕಲ್ಲು ಪಾಲಿಶ್ ಕೆಲಸ ಕಲೀಲಿಕ್ಕೆ ಆರು ತಿಂಗಳು ಅಲ್ಲಿಗೆ ಕಳಿಸಿದ್ದ. ಗುಡ್ಡಕ್ಕ ಗುಡ್ಡಾನ ಮಾರ್ಬಲ್ ಐತ್ರಿ. ಹಿಂದಕ ಕಟ್ಟಿಗಿಗೆ ಸಾಬೂನ ಸವರಿ, ಅದರ ಮ್ಯಾಲ ಕಲ್ಲು ಜಾರಿಸಿ ಇಳಸತಿದ್ರಂತ. ಹಗ್ಗ ಹರದ್ರ ಕೆಳಗಿದ್ದಾಂವ ಹ್ವಾದಂಗರಿ.”

ಮಕ್ಕಳು ನನ್ನನ್ನು ಬಿಟ್ಟು ಅವರ ಸುತ್ತ ಕುಳಿತರು. ಎಂ.ಎ.ಗಾಗಿ ಟಸ್ಕನಿಯ ಇತಿಹಾಸ ಬಾಯಿಪಾಠ ಮಾಡಿದವನು ನಾನು. ಆ ನೆಲ ತುಳಿದು ಬಂದವರು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಅವರು.

ಮರುವರ್ಷ ಅದೇ ಪಾಠದಲ್ಲಿ ಹಿಮ ಬಿಟ್ಟು ಕಲ್ಲು, ಸಾಬೂನು, ಹಗ್ಗ ಎಲ್ಲವನ್ನೂ ಹೇಳಿದೆ. ಯಾರಿಂದ ತಿಳಿಯಿತು ಎಂದು ಹೇಳಲು ಮಾತ್ರ ಹೊಟ್ಟೆಕಿಚ್ಚು ಬಿಡಲಿಲ್ಲ. “ಸರ್, ನೀವು ಅಲ್ಲಿಗೆ ಹೋಗಿದ್ರೇನ್ರಿ?” ಎಂದು ಹುಡುಗಿಯೊಬ್ಬಳು ಕೇಳಿದಳು. ನನ್ನ ಕಣ್ಣು ದಸ್ತಗೀರಸಾಬರು ಹಾಸಿದ್ದ ಪಡಸಾಲೆಯ ಫರಸಿಯತ್ತ ಹೋಯಿತು.