ಹೊರಗೇ ಸುತ್ತು ಎಂದ ರೇವತಿ ಮೇಡಂ

ರೇವತಿ ಮೇಡಂ ನಕ್ಕಿದ್ದನ್ನು ನಾವು ಕಂಡದ್ದು ಕಡಿಮೆ, ಬೈಗುಳಕ್ಕಂತೂ ಬರವಿರಲಿಲ್ಲ. ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನಲ್ಲಿ ದುಡಿದು ನಿವೃತ್ತರಾದವರು. ಜಾಲಹಳ್ಳಿಯಿಂದ ಬಸ್ ಬದಲಿಸಿಕೊಂಡು ಹೂಡಿಗೆ ಬಂದು, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪೈಲಟ್ ಆಗಹೊರಟ ನಮಗೆ ಆಕಾಶದ ಕಾನೂನು ಕಲಿಸುತ್ತಿದ್ದರು.

ಪಾಠಕ್ಕೆ ಮೊದಲು ಎಲ್ಲರೂ ತಾರಸಿ ಹತ್ತಬೇಕು. ಏನು ಕಾಣುತ್ತದೆ ಎಂದರೆ ಸಾಲದು, ನಿನ್ನೆ ಕಂಡದ್ದರಲ್ಲಿ ಇವತ್ತು ಯಾವುದು ಕಾಣುತ್ತಿಲ್ಲ ಎಂದು ಹೇಳಬೇಕು. ಕಣ್ಣು ನಂಬಿ ಹಾರುವವನಿಗೆ ಐದು ಕಿಲೋಮೀಟರ್ ಕಾಣಲೇಬೇಕು ಎಂಬ ನಿಯಮ ನನ್ನ ತಲೆಗೆ ಹತ್ತಿದ್ದು ಮಂಜಿನಲ್ಲಿ ಮಾಯವಾದ ಒಂದು ಅಪಾರ್ಟ್‌ಮೆಂಟಿನಿಂದ. "ಇವತ್ತು ನೀನು ಹಾರಂಗಿಲ್ಲ ಕಣೋ, ಕೆಳಗೋಗಿ ಕಾಫಿ ಕುಡಿ" ಎಂದಿದ್ದರು.

ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತ ಡಿ ಕ್ಲಾಸ್, ಅಂದರೆ ಟವರ್ ಹಿಡಿತದ ಆಕಾಶ. ಹೊರಗಿನದು ಜಿ ಕ್ಲಾಸ್, ಅಲ್ಲಿ ಟವರ್ ಅನುಮತಿ ಬೇಡ. ಗೆರೆಯಾಚೆ ನಿಂತು ನಾವು ಒಳಬರಲು ಕೇಳಬೇಕು, ಮೇಡಂ ಟವರ್ ಆಗಿ ಉತ್ತರಿಸುವರು; ಇದೇ ಪರೀಕ್ಷೆ. ಸಂಸ್ಥೆಯ ಮಾಲೀಕರ ತಮ್ಮನ ಮಗ ಕಿರಣ್, ಅಮೆರಿಕದ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸಿಕೊಳ್ಳಲು ಬಂದಿದ್ದವನು, ಆ ಪರೀಕ್ಷೆಗೆ ನಿಂತ. ಮೇಡಂ ಅವನ ವಿಮಾನದ ಹೆಸರು ಹಿಡಿದು "ಸ್ಟ್ಯಾಂಡ್‌ಬೈ" ಎಂದರು. ಕಾಯು ಎಂದರ್ಥ. ಅವನು ಸೀದಾ ಒಳಗೆ ಕಾಲಿಟ್ಟ. ಅಮೆರಿಕದಲ್ಲಿ ಟವರ್ ನಮ್ಮ ವಿಮಾನದ ಹೆಸರು ಹಿಡಿದು ಮಾತಾಡಿದರೆ ಸಾಕು, ಹೋಗಬಹುದು ಎಂದು ವಾದಿಸಿದ.

"ಅದು ಅಲ್ಲಿ. ಇಲ್ಲಿ, ಬಾ ಅನ್ನೋವರ್ಗೂ ಹೊರಗೇ ಸುತ್ತು. ಒಳಗೆ ಇನ್ನೊಬ್ಬ ಇಳೀತಿರ್ತಾನೆ" ಎಂದು ಫೇಲ್ ಮಾಡಿದರು. ಮರುಪರೀಕ್ಷೆಯಲ್ಲೂ ಅವನು ಅದನ್ನೇ ಮಾಡಿದ.

ಪಾಸ್ ಮಾಡಿ ಎಂದರು ಮಾಲೀಕರು. ಮೇಡಂ ಒಪ್ಪಲಿಲ್ಲ. ನಾಳೆಯಿಂದ ಬರಬೇಡಿ ಎಂದು ಮಾಲೀಕರು ಹೇಳಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಬಸ್ ಸ್ಟಾಪಿನವರೆಗೂ ಮೇಡಂ ಹಿಂದೆ ಹೋಗಿ, ಜಗಳವಾಡದೆ ಬಂದಿರಲ್ಲ ಎಂದು ಅವರ ಮೇಲೇ ರೇಗಿದೆ.

"ಆಗಲ್ಲ ಅಂದೆನಲ್ಲೋ. ಇನ್ನೇನು ಕೂಗಾಡ್ಬೇಕಿತ್ತು?" ಎಂದು ಬಸ್ ಹತ್ತಿದರು. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಮೇಲೆ ಸಂಸ್ಥೆಯವರು ಅದೇ ಕೋಣೆಯಲ್ಲಿ ಅವರ ಫೋಟೋ ತೂಗುಹಾಕಿ ಹಾರ ಹಾಕಿದರು, ನಾಚಿಕೆಗೆಟ್ಟವರು. ನನಗೆ ಲೈಸೆನ್ಸ್ ಬಂದ ಸಿಹಿ ಹಂಚಲು ಹೋದಾಗ ನೋಡಿದರೆ ಹೊಸ ಬ್ಯಾಚಿಗೆ ಕಿರಣನೇ ಮೇಷ್ಟ್ರು. ಆ ಫೋಟೋದ ಕೆಳಗೇ ನಿಂತು ಹೇಳುತ್ತಿದ್ದ: "ಟವರ್ ನಿಮ್ಮ ಹೆಸರು ಹೇಳ್ತಾ? ಮುಗೀತು ಗುರು, ಒಳಗೆ ಹೋಗ್ತಿರಿ."

ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅದು ತಪ್ಪು, ಯಾರನ್ನೋ ಕೊಲ್ಲುತ್ತೀರಿ ಎಂದು ಬಾಗಿಲಿನಿಂದಲೇ ಕೂಗಿದೆ. ಕಿರಣ್ ನಕ್ಕು, ಹೊರಗೆ ನಡಿ ಎಂದ. ಕುರ್ಚಿ ಎಳೆದು ಹತ್ತಿ ಮೇಡಂ ಫೋಟೋವನ್ನು ಗೋಡೆಯಿಂದ ಇಳಿಸಿದೆ. ಹಾರವನ್ನು ಅವನ ಮೇಜಿನ ಮೇಲೆ ಎಸೆದು ಹೊರಟೆ.

ಮೆಟ್ಟಿಲ ಬಳಿ ಒಬ್ಬ ಹುಡುಗಿ ಓಡಿ ಬಂದಳು. "ಹಾಗಾದ್ರೆ ಸರಿ ಯಾವ್ದು ಅಣ್ಣ?"

ಕೆಳಗಿಳಿಯುತ್ತಿದ್ದವನು ತಿರುಗಿದೆ. ತಾರಸಿಗೆ ಬಾ ಎಂದೆ.